ಹೆಬ್ಬೆಟ್ಟಿನ ಕೋಳಿ

ಮೂರು-ನಾಲ್ಕು ವರ್ಷದ ಮಕ್ಕಳ ಕೈಗೆ ಬಣ್ಣ ಕೊಡುವವರು ನಗಿಸುವ ಸಂಗತಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವು ಸೆರಗಿಗೆ ಅಂಟಿಕೊಂಡು ತಾವಾಗಿಯೇ ಮನೆತನಕ ಬರುತ್ತವೆ. ವಾಡಿಗೂ ಚಿತ್ತಾಪುರಕ್ಕೂ ನಡುವೆ, ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಗಣಿಗಳಿರುವ ಒಂದು ಊರಿನಲ್ಲಿ ನಾನು ಶಿಶುವಿಹಾರದ ಟೀಚರು; ಊರವರ ಬಾಯಲ್ಲಿ ‘ಅಕ್ಕೋರು’. ದಿನಕ್ಕೊಂದು ತಾಸು ಚಿತ್ರ, ಬಣ್ಣ, ಮಣ್ಣು. ಮಕ್ಕಳಿಗಿಂತ ನನಗೇ ಆ ತಾಸು ಹೆಚ್ಚು ಇಷ್ಟ.

ಈ ವರ್ಷ ಸಾಲೆ ಶುರುವಾದ ಕೂಡಲೇ ಆ ತಾಸಿಗೇ ಸಂಚಕಾರ ಬಂತು. ಕಲ್ಲು ಕೊಯ್ಯುವ ಮಷೀನು ಇಟ್ಟುಕೊಂಡಿರುವ ಒಬ್ಬ ತಂದೆ ಬಂದು ಜಗಳ ತೆಗೆದರು. “ಅಕ್ಕೋರ, ಚಿತ್ತಾಪುರದಾಗ ಇಷ್ಟಿಷ್ಟ ಮಕ್ಕಳು ಇಂಗ್ಲೀಷ್ ಬರೀಲಿಕತ್ತಾವ. ನಮ್ಮವು ಮೈಗೆಲ್ಲ ಬಣ್ಣ ಬಳಕೊಂಡು ಮನಿಗಿ ಬರ್ತಾವ. ಇದು ಸಾಲಿ ಏನ್ರಿ, ಪೇಂಟ್ ಅಂಗಡಿ?” ಇನ್ನೂ ನಾಲ್ಕು ಮಂದಿ ಹೌದೆಂದರು. ಮಾತು ಮೇಲ್ವಿಚಾರಕಿಯವರ ಕಿವಿಗೂ ಬಿತ್ತು. “ಶನಿವಾರ ಪಾಲಕರ ಸಭಿ ಕರೀರಿ, ನಾನೂ ಬರ್ತೀನಿ. ಅವ್ರು ಬ್ಯಾಡ ಅಂದ್ರ ಬಣ್ಣದ ತಾಸು ಬಂದ್” ಎಂದರು ಅವರು. ಹಾಗಾಗಿ ಆ ಒಂದು ವಾರವಾದರೂ ಎಲ್ಲವೂ ಸುಸೂತ್ರವಾಗಿ ನಡೆಯಬೇಕಿತ್ತು. ನಡೆದದ್ದು ಹೀಗೆ.

ಬೂದಿ ಬಣ್ಣದ ಗಿಡ

ಸೋಮವಾರ ಗಿಡದ ಚಿತ್ರಕ್ಕೆ ಬಣ್ಣ ಹಚ್ಚಲು ಹೇಳಿದೆ. ಒಬ್ಬ ಹುಡುಗಿ ಎಲೆಗಳಿಗೆಲ್ಲ ಬೂದಿ ಬಣ್ಣ ಬಳಿದು ಕೂತಿದ್ದಳು.

“ಎಲಿ ಯಾವ ಬಣ್ಣ ಇರ್ತದವ್ವ?”

“ಬೂದಿ.”

“ಹೊರಗ ಬೇವಿನ ಗಿಡ ನೋಡು” ಎಂದು ಕಿಟಕಿಯತ್ತ ಕೈ ತೋರಿಸಿದೆ. ಮಳೆಯಿನ್ನೂ ಬಿದ್ದಿರಲಿಲ್ಲ. ಕಲ್ಲಿನ ಲಾರಿಗಳು ಎಬ್ಬಿಸಿದ ಧೂಳು ಕೂತು ಗಿಡ ಅಪ್ಪಟ ಬೂದಿ ಬಣ್ಣವೇ ಆಗಿತ್ತು. ಆದರೂ ಟೀಚರಾಗಿ ಸೋಲುವುದುಂಟೆ? ಒಂದು ಚೊಂಬು ನೀರು ತಂದು ಟೊಂಗೆಗೆ ಎರಚಿದೆ. ಎಲೆಗಳು ಹಚ್ಚಗೆ ಹೊಳೆದವು.

ಹುಡುಗಿ ಸೊಂಟದ ಮೇಲೆ ಕೈಯಿಟ್ಟಳು. “ಅಕ್ಕೋರ, ನಾನು ಬರೋಬ್ಬರಿ ಹಚ್ಚಿದ್ದೆ. ಬಣ್ಣ ಕೆಡಿಸಿದವ್ರು ನೀವು.”

ಡಬ್ಬಿಯೊಳಗಿನ ನವಿಲು

ಮರುದಿನ ಮಕ್ಕಳು ಮನೆಯಿಂದ ಹಿಡಿ ಹಿಡಿ ತೊಗರಿ ತಂದಿದ್ದರು. ಹಾಳೆಯ ಮೇಲೆ ಮೈದಾ ಗಂಜಿ ಸವರಿ, ಕಾಳು ಅಂಟಿಸಿ ನವಿಲು ಮಾಡಿದರು. ಸಭೆಯ ದಿನ ಗೋಡೆಗೆ ಹಚ್ಚಿದರೆ ಪಾಲಕರ ಬಾಯಿ ತಾನಾಗಿ ಮುಚ್ಚುತ್ತದೆ ಎಂದು ಒಳಗೊಳಗೇ ಹಿಗ್ಗುತ್ತ, ಹಾಳೆಗಳನ್ನು ಕಟ್ಟೆಯ ಮೇಲೆ ಬಿಸಿಲಿಗಿಟ್ಟು ಒಳಗೆ ಹೋದೆ.

ಪಕ್ಕದ ಮನೆಯ ಅಜ್ಜಿಗೆ ಬಿಸಿಲಲ್ಲಿ ತೊಗರಿ ಕಂಡರೆ ಕೈ ಸುಮ್ಮನಿರುವುದಿಲ್ಲ. ನಾನು ಹೊರಗೆ ಬರುವಷ್ಟರಲ್ಲಿ ಒಂದೊಂದೇ ಕಾಳು ಬಿಡಿಸಿ, ಮೊರದಲ್ಲಿ ಕೇರಿ, ಡಬ್ಬಿಗೆ ತುಂಬಿಸಿಟ್ಟಿದ್ದರು.

“ಹುಳ ಬಿದ್ದಿಲ್ಲ ಅಕ್ಕೋರ, ಛಲೋ ಅವ. ಆದ್ರ ಇಷ್ಟ್ ಸಣ್ಣ ಹಾಳಿ ಮ್ಯಾಲ ಯಾಕ ಒಣಗಿಸಿದ್ರಿ? ನನ್ನ ಕೇಳಿದ್ರ ಚಾಪಿ ಕೊಡ್ತಿದ್ದೆ!”

ನನಗೆ ಅಳುವೇ ಬಂದಿತ್ತು. ಸಂಜೆ ಒಬ್ಬ ತಾಯಿ ಮಗನನ್ನು ಕರೆದೊಯ್ಯಲು ಬಂದು, “ನವಿಲು ಮಾಡೀನಿ ಅಂದ್ಯಲ್ಲ, ಎಲ್ಲಿ ತೋರ್ಸು” ಎಂದಳು. ಹುಡುಗ ಹೋಗಿ ಡಬ್ಬಿಯ ಮುಚ್ಚಳ ತೆಗೆದ. “ಇದ್ರಾಗ ಅದ. ಎಲ್ಲಾರ ನವಿಲೂ ಅವ. ನಂದು ತಳದಾಗ ಅದ.”

ಕೋಡು ಆಗ್ಲಿ ತಡಿ

ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರ ಬಂದಿತ್ತು. ಗುರುವಾರ ಮಣ್ಣು ಕಲಸಿ ಎತ್ತು ಮಾಡಿಸಿದೆ. ಮಕ್ಕಳ ಎತ್ತುಗಳಲ್ಲಿ ಕೆಲವು ಆಲೂಗಡ್ಡೆಯಂತಿದ್ದವು. ಅದು ನನಗೆ ಅಡ್ಡಿಯಿಲ್ಲ. ಸಾಲೆ ಬಿಡುವ ಹೊತ್ತಿಗೆ ಮಗನನ್ನು ಕರೆಯಲು ಬಂದವರು ಅದೇ ಕಲ್ಲಿನ ಮಷೀನಿನ ತಂದೆ. ಮಗನ ಎತ್ತು ನೋಡಿ ಅವರು ಮುಖ ಕಿವುಚಿದರು.

“ಇದಕ್ಕ ಹಿಣಿಲೇ ಇಲ್ಲಲ್ಲೋ! ಹಿಣಿಲಿಲ್ಲಂದ್ರ ನೊಗ ಎಲ್ಲಿ ಇಡ್ತಿ?” ಎಂದು ಎತ್ತಿನ ಹೆಗಲ ಮೇಲೆ ಬೆರಳಿನಿಂದ ಒಂದಿಷ್ಟು ಮಣ್ಣು ಏರಿಸಿ ಡುಬ್ಬ ಮಾಡಿದರು. ಆಮೇಲೆ ಬಾಲ. ಆಮೇಲೆ ಅಂಗಿಯ ತೋಳು ಮಡಚಿ ನೆಲಕ್ಕೇ ಕೂತರು. ಅವರನ್ನು ನೋಡಿ ಇನ್ನಿಬ್ಬರು ಅಪ್ಪಂದಿರೂ ಕೂತರು. ಮಕ್ಕಳು ಚೀಲ ಹಾಕಿಕೊಂಡು ಬಾಗಿಲಲ್ಲಿ ಕಾಯತೊಡಗಿದವು.

“ಅಪ್ಪಾ, ಮನಿಗಿ ನಡಿ, ಹಸಿವ್ಯಾಗ್ಯಾದ.”

“ತಡಿಯೋ, ಕೋಡು ಆಗ್ಲಿ.”

ಕೊನೆಗೆ ಬೀಗ ಹಾಕುತ್ತೇನೆ ಎಂದು ಹೆದರಿಸಿ ಎಬ್ಬಿಸಬೇಕಾಯಿತು. ಹೊರಡುವಾಗ ಅವರು ಮೊಣಕೈತನಕ ಹತ್ತಿದ ಮಣ್ಣು ಒರೆಸಿಕೊಳ್ಳುತ್ತ ಗಂಭೀರವಾಗಿ ಹೇಳಿದರು: “ಶನಿವಾರ ಸಭಿಯಾಗ ಮಾತ್ರ ನಾನು ಬಿಡಂಗಿಲ್ಲ. ಮಕ್ಕಳ ಬಟ್ಟಿ ಭಾಳ ಹೊಲಸ ಆಗ್ತಾವ.”

ಯಾವ ಹೊಲಕ್ಕ?

ಗೋಡೆಗೆ ಹಚ್ಚಲು ನವಿಲುಗಳಿರಲಿಲ್ಲವಲ್ಲ, ಶನಿವಾರ ಬೆಳಿಗ್ಗೆ ಅವಸರದಲ್ಲಿ ಹೊಸ ಉಪಾಯ ಮಾಡಿದೆ. ಮಕ್ಕಳ ಹೆಬ್ಬೆಟ್ಟು ನೀಲಿ ಬಣ್ಣದಲ್ಲಿ ಅದ್ದಿಸಿ ದೊಡ್ಡ ಹಾಳೆಯ ಮೇಲೆ ಒತ್ತಿಸುವುದು. ಆ ಗುರುತಿಗೆ ಕಾಲು, ಕೊಕ್ಕು ಬರೆದರೆ ಕೋಳಿ. ಕೋಳಿಗಳು ಚೆನ್ನಾಗಿಯೇ ಬಂದವು. ಬಣ್ಣ ಇನ್ನೂ ಹಸಿಯಿದ್ದುದರಿಂದ ಹಾಳೆಯನ್ನು ಗೋಡೆಗೆ ಹಚ್ಚದೆ ಕಪಾಟಿನ ಮೇಲೆ ಒಣಗಲು ಇಟ್ಟು, ಮಕ್ಕಳನ್ನು ಮನೆಗೆ ಕಳಿಸಿದೆ.

ಮಧ್ಯಾಹ್ನ ಸಭೆ ಸೇರಿತು. ಕಲ್ಲಿನ ಮಷೀನಿನ ತಂದೆ ಎದ್ದು, “ಎತ್ತಿನ ಮಾತು ಬ್ಯಾರೆ, ಬಣ್ಣದ ಮಾತು ಬ್ಯಾರೆ. ಬಣ್ಣ ಬ್ಯಾಡ” ಎಂದರು. ಮೇಲ್ವಿಚಾರಕಿ ನನ್ನ ಮುಖ ನೋಡಿದರು. ಮುಗಿಯಿತು ಎಂದುಕೊಂಡು ನಾನು ತಲೆ ತಗ್ಗಿಸಿದೆ.

ಅಷ್ಟರಲ್ಲಿ ಒಬ್ಬ ಅಜ್ಜ ಮೊಮ್ಮಗನ ಕೈ ಎತ್ತಿ ಹಿಡಿದು ಒಳಗೆ ನುಗ್ಗಿದರು. ಹುಡುಗನ ಹೆಬ್ಬೆಟ್ಟು ನೀಲಿಯಾಗಿತ್ತು.

“ಇವನ ಹೆಬ್ಬೆಟ್ಟು ಯಾರು ತಗೊಂಡ್ರಿ? ಯಾವ ಹೊಲಕ್ಕ ತಗೊಂಡ್ರಿ?”

 ನಮ್ಮ ಕಡೆ ಹೊಲದ ಅಡಿಯಲ್ಲೇ ಪರ್ಸಿ ಇದೆ; ಕಾಗದಕ್ಕೊಂದು ಹೆಬ್ಬೆಟ್ಟು ಒತ್ತಿಸಿಕೊಂಡು ಹೊಲವನ್ನೇ ಗಣಿಗೆ ಬರೆಸಿಕೊಂಡವರಿದ್ದಾರೆ, ಹೆಬ್ಬೆಟ್ಟೆಂದರೆ ಹುಡುಗಾಟವಲ್ಲ. ಒಬ್ಬ ತಾಯಿ ಮಡಿಲಲ್ಲಿದ್ದ ಮಗಳ ಕೈ ತಿರುಗಿಸಿ ನೋಡಿ, “ಅಯ್ಯಯ್ಯ, ಇಕಿದೂ ತಗೊಂಡಾರ!” ಎಂದು ಕೂಗಿಕೊಂಡಳು. ಎಲ್ಲರೂ ಎದ್ದು ನಿಂತರು.

“ಕಾಗದ ತೋರ್ಸ್ರಿ ಮೊದ್ಲ!” ಅಜ್ಜ ಗುಡುಗಿದರು.

ಕಪಾಟಿನ ಮೇಲಿಂದ ಹಾಳೆ ತಂದು ಮುಂದಿಟ್ಟೆ. ಅಜ್ಜ ಮೊದಲು ಅದನ್ನು ತಿರುವಿ ಹಿಂಬದಿ ನೋಡಿದರು. ಖಾಲಿ. ಮುಂದೆ ತಿರುವಿದರು. ಹಾಳೆ ತುಂಬ ಕೋಳಿ.

“ಅಜ್ಜಾ, ಈ ಕೋಳಿ ನಂದು” ಎಂದ ಮೊಮ್ಮಗ.

ಅಜ್ಜ ಹಾಳೆಯ ಮುಂದೆ ಮೆಲ್ಲಗೆ ಕೂತರು. “ನನಗೂ ಬಣ್ಣ ಕೊಡ್ರಿ” ಎಂದರು. ಬಟ್ಟಲು ಕೊಟ್ಟೆ. ಮೊಮ್ಮಗ ಅವರ ಬೆರಳು ಹಿಡಿದು ಎಚ್ಚರಿಸಿದ: “ಮೆಲ್ಲಕ ಒತ್ತು ಅಜ್ಜಾ. ಗಟ್ಟಿ ಒತ್ತಿದ್ರ ಹಂದಿ ಆಗ್ತದ.” ಅಜ್ಜ ಉಸಿರು ಬಿಗಿಹಿಡಿದು ಒತ್ತಿದರು. ಹುಡುಗ ಕಾಲು, ಕೊಕ್ಕು ಬರೆದ.

“ಹುಟ್ಟಿದಾಗಿಂದ ಎಷ್ಟೋ ಕಡಿ ಹೆಬ್ಬೆಟ್ಟು ಒತ್ತೀನ್ರಿ” ಎಂದರು ಅಜ್ಜ. “ಒತ್ತಿದಾಗೆಲ್ಲ ಮನ್ಯಾಂದು ಏನಾರ ಹೋಗ್ಯಾದ. ಒಂದು ಕೋಳಿ ಬಂದಿದ್ದು ಇವತ್ತೇ.”

ಸಭೆ ಬಿದ್ದು ಬಿದ್ದು ನಕ್ಕಿತು. ನಾನು ನಗುತ್ತ ಕಣ್ಣು ಒರೆಸಿಕೊಂಡೆ. ಮೇಲ್ವಿಚಾರಕಿ, “ಮತ್ತ ಬಂದ್ ಮಾಡೋದೇನ್ರಿ?” ಎಂದು ಕೇಳಿದರು. ಮಷೀನಿನ ತಂದೆ ಅಜ್ಜನ ಕೋಳಿಯನ್ನೇ ನೋಡುತ್ತ, “ಇರ್ಲಿ ಬಿಡ್ರಿ, ಬಟ್ಟಿ ಒಗಕೊಂಡ್ರಾತು” ಎಂದರು.

ಸೋಮವಾರ ಬಣ್ಣದ ತಾಸಿಗೆ ಸರಿಯಾಗಿ ಬಾಗಿಲಲ್ಲಿ ನೆರಳು ಬಿತ್ತು. ಅಜ್ಜ ಎಡಗೈ ಹೆಬ್ಬೆಟ್ಟನ್ನು ತೊಳೆದು, ಮುಂದೆ ಚಾಚಿಕೊಂಡೇ ಬಂದಿದ್ದರು.

“ಅಕ್ಕೋರ, ನಂದು ಕೋಳಿ ಒಂದೇ ಆಗ್ಯಾದ. ಮರಿ ಆಗ್ಬೇಕಂದ್ರ ಒಂದು ಹುಂಜ ಬ್ಯಾಡೇನ್ರಿ?”