ಮರಳಾವತಿಯ ನೆಲಮಾಳಿಗೆ ಯೋಜನೆ

ಬಹಳ ಹಿಂದೆ, ಒಂದು ರಾಜ್ಯದಲ್ಲಿ, ಬೆಳಗಿನ ಹತ್ತು ಗಂಟೆಗೆ, ಪ್ರಜೆಗಳ ಮನೆಗಳ ಅಡಿಯಲ್ಲಿ ಏನೂ ಇಲ್ಲವೆಂಬ ಸಂಗತಿ ದೊರೆಯ ಗಮನಕ್ಕೆ ಬಂತು.

ರಾಜ್ಯದ ಹೆಸರು ಮರಳಾವತಿ. ಅಲ್ಲಿ ವರ್ಷದ ಬಹುಪಾಲು ಬಿಸಿಲೇ ಆಡಳಿತ ನಡೆಸುತ್ತಿತ್ತು. ಉಳಿದ ಅಲ್ಪಸ್ವಲ್ಪವನ್ನು ಮುಮ್ಮಡಿ ಉಷ್ಣವರ್ಧನ ಮಹಾರಾಜರು ನೋಡಿಕೊಳ್ಳುತ್ತಿದ್ದರು. ಮಹಾರಾಜರು ಹಿಮದ ನಾಡೊಂದಕ್ಕೆ ಅಧ್ಯಯನ ಪ್ರವಾಸ ಹೋಗಿ ಹಿಂದಿನ ದಿನವಷ್ಟೇ ಸಪರಿವಾರ ಮರಳಿದ್ದರು. ಅಲ್ಲಿ ಅವರು ಆಳವಾಗಿ ಅಧ್ಯಯನ ಮಾಡಿದ್ದು ನಿದ್ದೆಯನ್ನು. ಅದರ ಏರ್ಪಾಡು ಸಿರಿವಂತನೊಬ್ಬನ ಮನೆಯ ನೆಲಮಾಳಿಗೆಯಲ್ಲಿ ಆಗಿತ್ತು. ನೆಲದಡಿಯ ಆ ಕೋಣೆಯಲ್ಲಿ ಸದ್ದಿಲ್ಲ, ನೊಣವಿಲ್ಲ, ಅರ್ಜಿದಾರರಿಲ್ಲ.

"ನಮ್ಮ ಪ್ರಜೆಗಳು ಈ ಸುಖದಿಂದ ವಂಚಿತರಾಗಿದ್ದಾರೆ" ಎಂದರು ಮಹಾರಾಜರು. "ಬಿಸಿಲ ನಾಡಿಗೆ ತಂಪು ಕೋಣೆ ಬೇಕು. ಮನೆಗೊಂದು ನೆಲಮಾಳಿಗೆ ಆಗಲೇಬೇಕು. ಆಗುತ್ತದಲ್ಲವೇ, ತಿಪ್ಪರಸ?"

ತಿಪ್ಪರಸ ಕಟ್ಟಡ ಖಾತೆಯ ಮಂತ್ರಿ. ಆಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು; ಏಕೆ ಆಗುವುದಿಲ್ಲ ಎಂಬುದೂ ಗೊತ್ತಿತ್ತು. ಹಿಮದ ನಾಡಿನಲ್ಲಿ ಚಳಿಗಾಲಕ್ಕೆ ಮಣ್ಣಿನೊಳಗಿನ ನೀರು ಹೆಪ್ಪುಗಟ್ಟಿ ಉಬ್ಬುತ್ತದೆ, ಮೇಲಿನ ಗೋಡೆಯನ್ನೇ ಎತ್ತಿಬಿಡುತ್ತದೆ. ಆದ್ದರಿಂದ ಹೆಪ್ಪು ತಲುಪದ ಆಳಕ್ಕೆ ಪಾಯ ಇಳಿಸಬೇಕು. ಹೇಗೂ ಅಷ್ಟು ಅಗೆದಾಯಿತಲ್ಲ ಎಂದು ಅವರು ಇನ್ನಿಷ್ಟು ಅಗೆದು ಕೋಣೆ ಮಾಡಿಕೊಳ್ಳುತ್ತಾರೆ. ಮರಳಾವತಿಯ ನೆಲ ಎಂದೂ ಹೆಪ್ಪುಗಟ್ಟಿದ್ದಿಲ್ಲ. ಮೊಣಕಾಲುದ್ದ ಪಾಯ ಸಾಕು. ಅದರ ಕೆಳಗೆ ಸುಣ್ಣ ಗಟ್ಟಿಯಾಗಿ ಬಂಡೆಯಂತಾದ ಪದರವಿದೆ. ಅಗೆಯುವವನ ಸೊಂಟ ಮೊದಲು ಮುರಿಯುತ್ತದೋ ಹಾರೆಯೋ ಎಂಬುದಷ್ಟೇ ಪ್ರಶ್ನೆ. ನೆಲದಡಿ ತಂಪಿರುವುದು ನಿಜ. ಆದರೆ ಜಾಗಕ್ಕೆ ಬರವಿಲ್ಲದ ನಾಡಿನಲ್ಲಿ ಇನ್ನೊಂದು ಕೋಣೆ ಬೇಕಾದವನು ಪಕ್ಕದಲ್ಲೇ ಕಟ್ಟಿಕೊಳ್ಳುತ್ತಾನೆ, ತಂಪು ಬೇಕಾದವನು ರಾತ್ರಿ ಮನೆಯ ಮೇಲೆ ಹಾಸಿಕೊಂಡು ಮಲಗುತ್ತಾನೆ.

ಇಷ್ಟನ್ನೂ ಹೇಳಲು ತಿಪ್ಪರಸ ಸಿದ್ಧನಿದ್ದ. ಅಡ್ಡಿಯಾದದ್ದು ಆಸ್ಥಾನದ ಸಂಪ್ರದಾಯ. ದೊರೆಗೆ ಕೊಡುವ ಉತ್ತರ "ಹೌದು ಮಹಾಪ್ರಭು" ಎಂದೇ ಆರಂಭವಾಗಬೇಕು. ಆ ಮಾತು ಕಿವಿಗೆ ಬಿದ್ದೊಡನೆ ಭೇರಿಯವನು ಭೇರಿ ಬಾರಿಸಬೇಕು. ಭೇರಿ ಬಾರಿಸಿದರೆ ಪ್ರಸ್ತಾವ ಅಂಗೀಕಾರವಾದಂತೆ.

"ಹೌದು ಮಹಾಪ್ರಭು, ಆದರೆ..." ಎಂದ ತಿಪ್ಪರಸ.

ಭೇರಿ ಮೊಳಗಿತು. ಹಿಮ, ಪಾಯ, ಸುಣ್ಣದ ಪದರ ಎಲ್ಲವನ್ನೂ ಅವನು ಆ ಸದ್ದಿನ ನಡುವೆಯೇ ಒಂದೂ ಬಿಡದೆ ಹೇಳಿದ. ಸದ್ದು ಅಡಗಿದಾಗ ಸಭೆ ಮುಂದಿನ ವಿಷಯಕ್ಕೆ, ಎಂದರೆ ಮಧ್ಯಾಹ್ನದ ಊಟಕ್ಕೆ, ಹೋಗಿಯಾಗಿತ್ತು. ತಿಪ್ಪರಸನ ಮನಸ್ಸಾಕ್ಷಿ ಮಾತ್ರ ನಿರಾಳವಾಗಿತ್ತು. ತನ್ನ ಅಧಿಕಾರಾವಧಿಯಲ್ಲಿ ಅವನು ರಾಜ್ಯದ ಪ್ರತಿಯೊಂದು ತಪ್ಪನ್ನೂ ಹೀಗೆ ಭೇರಿಯ ಸದ್ದಿನಡಿಯಲ್ಲಿ ಖಂಡಿಸಿದ್ದ.

ಮನೆಯಲ್ಲಿ ಹೆಂಡತಿ ಮಲ್ಲಕ್ಕ ರೊಟ್ಟಿ ಬಡಿಯುತ್ತಿದ್ದಳು. ಸುದ್ದಿ ಆಗಲೇ ಅವಳನ್ನು ತಲುಪಿತ್ತು. ಪೈಲಟ್ ಯೋಜನೆಗೆ ಕಟ್ಟಡ ಮಂತ್ರಿಯ ಮನೆಯನ್ನೇ ಆಯ್ಕೆ ಮಾಡಲಾಗಿದೆ ಎಂಬ ಸುದ್ದಿಯೂ.

"ಏನಂದ್ರಿ ದರಬಾರದಾಗ?"

"ಹೌದು ಅಂದೆ. ಆಮ್ಯಾಲ 'ಆದರೆ' ಅಂತನೂ ಅಂದೆ."

"ಆ 'ಆದರೆ' ಯಾರಿಗೆ ಕೇಳಿಸ್ತು?"

"ನನಗ ಕೇಳಿಸ್ತು."

ಮಲ್ಲಕ್ಕ ರೊಟ್ಟಿಯನ್ನು ಹೆಂಚಿಗೆ ಹಾಕಿದಳು. "ಇದು ನಮ್ಮತ್ತಿ ಮಣ್ಣು ತುಳಿದು ಕಟ್ಟಿಸಿದ ಗ್ವಾಡಿರೀ. ಬುಡಕ್ಕ ಹಾರಿ ಹಾಕಿದ್ರ ನಿಲ್ಲಂಗಿಲ್ಲ. ಮಂತ್ರಿ ಕೆಲಸ ಹ್ವಾದ್ರ ಇನ್ನೊಂದು ಸಿಗ್ತದ, ಈ ಮನಿ ಸಿಗಂಗಿಲ್ಲ."

ಮರುದಿನವೇ 'ಪಾತಾಳಸೌಖ್ಯ ಕಾರ್ಯಪಡೆ' ಅವರ ಅಂಗಳದಲ್ಲಿ ಶಾಮಿಯಾನ ಹಾಕಿತು. ಮಹಾಮಂತ್ರಿ ಅನುಮೋದಶರ್ಮರು ಅದರ ಅಧ್ಯಕ್ಷರು. ದೊರೆಯ ಮನಸ್ಸಿನಲ್ಲಿ ಯೋಚನೆ ಹುಟ್ಟುವ ಮೊದಲೇ ಅದನ್ನು ಅಭಿನಂದಿಸುವ ಸಾಮರ್ಥ್ಯದಿಂದ ಅವರು ಆ ಹುದ್ದೆಗೆ ಬಂದಿದ್ದರು. ಮೊದಲ ವಾರ ಹಾರೆಗಳು ಬಾಗಿದವು. ಎರಡನೆಯ ವಾರ ಹೊಸ ಹಾರೆಗಳು ಬಾಗಿದವು. ನೆಲ ಸಹಕರಿಸುತ್ತಿಲ್ಲ ಎಂದು ಕಾರ್ಯಪಡೆ ವರದಿ ಸಲ್ಲಿಸಿತು. ನೆಲಕ್ಕೆ ಕಾರಣ ಕೇಳಿ ನೋಟಿಸ್ ಜಾರಿಯಾಯಿತು. ನೆಲ ಉತ್ತರಿಸದೇ ಇದ್ದುದರಿಂದ ಅದಕ್ಕೆ ಯಾವ ಆಕ್ಷೇಪವೂ ಇಲ್ಲವೆಂದು ಪರಿಗಣಿಸಿ, ಪ್ರತಿ ಮನೆಯಿಂದ ಒಬ್ಬರು ಬಂದು ಅಗೆಯತಕ್ಕದ್ದೆಂದು ಡಂಗುರ ಸಾರಲಾಯಿತು. ಮನೆಯ ಮೇಲೆ ಮಲಗುವುದನ್ನು ಯೋಜನೆಗೆ ತೋರುವ ಅಗೌರವವೆಂದು ಘೋಷಿಸಲಾಯಿತು.

ಕೊನೆಗೂ ತಿಪ್ಪರಸನ ಮನೆಯಡಿ ಗುಂಡಿ ಆಯಿತು. ಮಹಾರಾಜರು ಮೆಟ್ಟಿಲಿಳಿದು, ತಂಪಾಗಿದೆ ಎಂದು ನುಡಿದು, ಒಂದು ಗಳಿಗೆ ನಿದ್ರಿಸಿ ಉದ್ಘಾಟನೆ ನೆರವೇರಿಸಿದರು. ಮನೆಯ ಹಿತ್ತಿಲ ಕಡೆಯ ಗೋಡೆಯಲ್ಲಿ ಬೆರಳು ತೂರುವಷ್ಟು ಬಿರುಕು ಬಿಟ್ಟಿತ್ತು. ಅದಕ್ಕೆ ಕಾರ್ಯಪಡೆಯವರು ಮಹಾರಾಜರ ಭಾವಚಿತ್ರ ತೂಗುಹಾಕಿದರು. ನಗರದ ಪೂರ್ವಭಾಗದ ಮನೆಗಳಲ್ಲೂ ಅಗೆತ ಶುರುವಾಯಿತು. ಪಶ್ಚಿಮಭಾಗವನ್ನು ಎರಡನೆಯ ಹಂತಕ್ಕೆ ಇಡಲಾಯಿತು.

ಮರಳಾವತಿಯಲ್ಲಿ ಮಳೆ ಅಪರೂಪ. ಬಂದರೆ ಸಾಲ ವಸೂಲಿಗೆ ಬಂದವನಂತೆ ಒಮ್ಮೆಗೇ ಬರುತ್ತದೆ. ಗಟ್ಟಿನೆಲ ನೀರನ್ನು ಕುಡಿಯುವುದಿಲ್ಲ. ಅದುವರೆಗೆ ಆ ನೀರು ಎತ್ತರದ ಜಗಲಿಗಳನ್ನು ಸವರಿಕೊಂಡು ಬೀದಿಗುಂಟ ಹರಿದು ಮರಳುಗಾಡಿಗೆ ಹೋಗಿಬಿಡುತ್ತಿತ್ತು. ಈ ಸಲ ಅದಕ್ಕೆ ದಾರಿಯಲ್ಲಿ ಮನೆಗೊಂದು ಗುಂಡಿ ಸಿಕ್ಕಿತು. ಪೂರ್ವಭಾಗದ ನೆಲಮಾಳಿಗೆಗಳು ಒಂದೇ ಮಧ್ಯಾಹ್ನದಲ್ಲಿ ಬಾಯಿಮಟ್ಟ ತುಂಬಿದವು. ಸಂಜೆಗೆ ತಿಪ್ಪರಸನ ಹಿತ್ತಿಲ ಗೋಡೆ ಭಾವಚಿತ್ರ ಸಮೇತ ನೀರಿಗೆ ಬಿತ್ತು. ಮಲ್ಲಕ್ಕ ಹೊರಜಗಲಿಯಲ್ಲಿ ಇದ್ದುದರಿಂದ ಉಳಿದಳು.

ಮಹಾರಾಜರು ಪರಿಶೀಲನೆಗೆ ಬರುತ್ತಾರೆಂದು ಮರುದಿನ ಸುದ್ದಿ ಬಂತು. ಅನುಮೋದಶರ್ಮರು ಆಗಲೇ ಎರಡನೆಯ ಹಂತದ ಗುದ್ದಲಿಗಳಿಗೆ ಅರಿಶಿನ ಕುಂಕುಮ ಹಚ್ಚಿಸುತ್ತಿದ್ದರು.

"ಗ್ವಾಡಿ ಹೋತು, ಹೋಗ್ಲಿ" ಎಂದಳು ಮಲ್ಲಕ್ಕ. "ಮುಂದಿನ ಗ್ವಾಡಿ ಇನ್ನೂ ನಿಂತದ. ಪಡುವಣ ಓಣಿ ಮನಿಗೋಳು ಇನ್ನೂ ನಿಂತಾವ. ಯೋಜನೆ ಚಲೋ ಆತೇನು ಅಂತ ಕೇಳ್ತಾರ. ಒಮ್ಮೆ, ಒಂದೇ ಒಮ್ಮೆ, ಮೊದಲನೇ ಮಾತಿಗೇ 'ಇಲ್ಲ' ಅನ್ರಿ. ಭೇರಿ ಬಡಿಯೋಕಿಂತ ಮೊದ್ಲ ಅಂದುಬಿಡ್ರಿ."

ತಿಪ್ಪರಸ ಒಪ್ಪಿದ. ಆ ಶಬ್ದದ ಬಳಕೆ ಅವನಿಗೆ ಇರಲಿಲ್ಲವಾದ್ದರಿಂದ ಅಭ್ಯಾಸಕ್ಕೆ ಕುಳಿತ. ಆಕಳಿನ ಮುಂದೆ ನಿಂತು "ಇಲ್ಲ ಮಹಾಪ್ರಭು" ಎಂದ. ಹೊರಜಗಲಿಯ ಮೇಲೆ ಕುಳಿತು ಇನ್ನಷ್ಟು ಗಟ್ಟಿಯಾಗಿ ಅಂದ. ಮೊದಮೊದಲು ನಾಲಗೆ ತೊಡರಿತು, ಆಮೇಲೆ ಪಳಗಿತು. ಮಲ್ಲಕ್ಕ ದೊರೆಯಂತೆ ಬೆನ್ನು ನೆಟ್ಟಗೆ ಮಾಡಿ ಕುಳಿತು ಪ್ರಶ್ನೆ ಕೇಳಿದಳು. ಎಷ್ಟು ಸಲ ಕೇಳಿದರೂ ಅವನ ಉತ್ತರ ಕದಲಲಿಲ್ಲ.

ಮಹಾರಾಜರು ಒಂಟೆಯಿಂದಿಳಿದು ಗುಂಡಿಯ ಅಂಚಿಗೆ ಬಂದರು. ಹಿಂದೆ ಭೇರಿ, ಭೇರಿಯ ಹಿಂದೆ ಜನ. ತಮ್ಮ ಭಾವಚಿತ್ರ ನೀರಿನಲ್ಲಿ ಮಲಗಿ ತೇಲುತ್ತಿದ್ದುದನ್ನು ಮಹಾರಾಜರು ಮೆಚ್ಚುಗೆಯಿಂದ ನೋಡಿದರು. ಅನುಮೋದಶರ್ಮರು ಅವರ ಕಿವಿಯಲ್ಲಿ ಏನೋ ಪಿಸುಗುಟ್ಟಿದರು. ಮಹಾರಾಜರು ತಲೆಯಾಡಿಸಿ ತಿಪ್ಪರಸನ ಕಡೆ ತಿರುಗಿದರು.

"ಮಂತ್ರಿಗಳೇ, ಈ ನಮ್ಮ ಯೋಜನೆಯಲ್ಲಿ ಏನಾದರೂ ದೋಷವಿದೆಯೇ?"

ತಿಪ್ಪರಸ ಬಾಯಿ ತೆರೆದ. ಜೀವಮಾನವಿಡೀ ಹೇಳಿಕೊಂಡು ಬಂದ "ಹೌದು ಮಹಾಪ್ರಭು" ಎಂಬ ಮಾತನ್ನು ಅಂದುಬಿಟ್ಟಿದ್ದರೆ, ಅದು ಮೊದಲ ಬಾರಿಗೆ ಸತ್ಯವಾಗುತ್ತಿತ್ತು, ಸಂಪ್ರದಾಯಕ್ಕೂ ಭಂಗ ಬರುತ್ತಿರಲಿಲ್ಲ. ಅದು ಅವನಿಗೆ ಹೊಳೆಯಿತು ಕೂಡ. ಆದರೆ ಮಹಾರಾಜರ ತೋಳಿನ ಮೇಲೆ ಮಡಿಸಿಟ್ಟ ಸನ್ಮಾನದ ಜರತಾರಿ ಶಾಲೂ ಅದೇ ಹೊತ್ತಿಗೆ ಕಣ್ಣಿಗೆ ಬಿತ್ತು. ನಾಲಗೆಯೋ, ಅಭ್ಯಾಸ ಮಾಡಿಸಿದ್ದನ್ನು ಹಿಡಿದುಕೊಂಡು ತುದಿಗಾಲಿನಲ್ಲಿ ನಿಂತಿತ್ತು.

"ಇಲ್ಲ ಮಹಾಪ್ರಭು" ಎಂದ ತಿಪ್ಪರಸ, ಸ್ಪಷ್ಟವಾಗಿ.

ಎಂದೂ ಕೇಳದ ಮಾತಾದ್ದರಿಂದ ಭೇರಿಯವನು ಒಂದು ಕ್ಷಣ ತಬ್ಬಿಬ್ಬಾದ. ಅನುಮೋದಶರ್ಮರು ಕಣ್ಸನ್ನೆ ಮಾಡಿದರು. ಭೇರಿ ಮೊಳಗಿತು. "ಆದರೆ ದೋಷವಿದೆ" ಎಂದು ತಿಪ್ಪರಸ ಅದರ ಸದ್ದಿನಡಿಯಲ್ಲಿ ಹೇಳಿದ. ಬಿದ್ದ ಗೋಡೆ, ನಿಂತ ನೀರು, ಪಡುವಣ ಓಣಿ, ಎಲ್ಲವನ್ನೂ ಹೇಳಿದ. ಜನರ ನಡುವೆ ನಿಂತಿದ್ದ ಮಲ್ಲಕ್ಕನಿಗೆ ಗಂಡನ ತುಟಿ ಅಲ್ಲಾಡುವುದು ಮಾತ್ರ ಕಂಡಿತು. ಅವಳು ಮನೆಯೊಳಗೆ ಹೋದಳು. ಹಿತ್ತಿಲ ಕಡೆಯಿಂದ ಹೋಗುವುದು ಈಗ ಸುಲಭವಾಗಿತ್ತು.

ಸಂಜೆಯ ಪ್ರಕಟಣೆಯಲ್ಲಿ 'ಮನೆಗೊಂದು ನೆಲಮಾಳಿಗೆ' ಯೋಜನೆ 'ಮನೆಗೊಂದು ಜಲಾಶಯ' ಆಯಿತು. ಸಾವಿರ ವರ್ಷಗಳಿಂದ ನೀರಿಲ್ಲದ ನಾಡಿಗೆ ಮಹಾರಾಜರು ಹಾಸಿಗೆ ಬಿಟ್ಟೇಳದೆ ನೀರು ತಂದರೆಂದು ಆಸ್ಥಾನಕವಿ ಹಾಡಿದ. ತಿಪ್ಪರಸನಿಗೆ 'ಪಾತಾಳಭೂಷಣ' ಬಿರುದು, ಶಾಲು ಎರಡೂ ಬಂದವು. ಗೋಡೆ ಇಲ್ಲದ ಕಡೆ ಅವನು ಆ ಶಾಲನ್ನೇ ಮರೆಗೆ ಕಟ್ಟಿದ. ಎರಡನೆಯ ಹಂತದ ಅಗೆತ ಪಡುವಣ ಓಣಿಯಲ್ಲಿ ಆರಂಭವಾಯಿತು. ಜಲಾಶಯಗಳು ಮನೆಯೊಳಗಿದ್ದರೂ ನೀರು ಅರಮನೆಯದೆಂದೂ, ಬಳಸುವವರು ಕೊಡಕ್ಕೆ ಒಂದು ಕಾಸು ಕೊಡತಕ್ಕದ್ದೆಂದೂ ಆಜ್ಞೆಯಾಯಿತು.

ಮರುದಿನ ಬೆಳಗ್ಗೆ ಆರು ಗಂಟೆಗೆ ಮಲ್ಲಕ್ಕ ತನ್ನ ನೆಲಮಾಳಿಗೆಯ ಮೆಟ್ಟಿಲ ಬಳಿ ಕುಳಿತಿದ್ದ ಸಿಪಾಯಿಗೆ ಒಂದು ಕಾಸು ಕೊಟ್ಟು ಕೊಡ ತುಂಬಿಕೊಂಡಳು.