ಕಲಿಯುಗದ ಕರ್ಣನ ಹೆಂಡತಿ

ಗಂಡನ ಹೆಸರನ್ನು ಬರಿದೆ ಹೇಳಬಾರದು, ಪ್ರಾಸ ಕೂಡಿಸಿ ಒಡಪು ಕಟ್ಟಿಯೇ ಹೇಳಬೇಕು. ಇಳಕಲ್ಲಿನ ಹೆಂಗಸರೆಲ್ಲ ಹಾಗೆ ಹೇಳಿಕೊಂಡು ಬಂದವರೇ. ಗುರುಲಿಂಗವ್ವನ ಕಷ್ಟವೆಂದರೆ ಅವಳ ಹತ್ತಿರ ಇದ್ದದ್ದು ಒಂದೇ ಒಡಪು. ಹದಿನೈದು ವರ್ಷ ಹೇಳಿ ಹೇಳಿ ಅದು ಒಗೆದೊಗೆದು ಬಣ್ಣ ಬಿಟ್ಟ ಅರಿವೆಯಂತಾಗಿತ್ತು. ಅಂದು ಅದೇ ಓಣಿಯ ಶಿವಲಿಂಗವ್ವನ ಮಗಳ ಕುಬಸ. ಬಸುರಿಯನ್ನು ಕೂಡಿಸಿ ಎಲ್ಲರೂ ಒಡಪು ಹೇಳುತ್ತಿದ್ದರು. ಗುರುಲಿಂಗವ್ವ ಬಾಯಿ ತೆರೆಯುವುದರೊಳಗೆ ಶಿವಲಿಂಗವ್ವನೇ ಅದನ್ನು ಒಪ್ಪಿಸಿಬಿಟ್ಟಳು.

“ಮಗ್ಗಕ್ಕ ಬೇಕು ಲಾಳಿ, ನನ್ನ ಕೊರಳಿಗೆ ತಾಳಿ, ರಾಚಪ್ಪನ ಹೆಸರ ಹೇಳತೇನಿ ಎಲ್ಲಾರೂ ಕೇಳಿ. ಇದ ಅಲ್ಲೇನವ್ವಾ ನಿಂದು? ನಮ್ಮನಿ ಗಿಣಿಗೂ ಬಾಯಿಪಾಠ ಆಗೇತಿ.”

ಹೆಂಗಸರು ಬಿದ್ದು ಬಿದ್ದು ನಕ್ಕರು. ಗುರುಲಿಂಗವ್ವನ ಕಿವಿ ಬಿಸಿಯಾಯಿತು.

ಹಿಂದಿನ ದಿನವಷ್ಟೇ ಡಂಗುರದ ಅಮಸಿದ್ದಪ್ಪ ಊರಿಗೆ ಬಂದ ನಾಟಕ ಕಂಪನಿಯ ಹೆಸರುವಾಸಿ ನಟನನ್ನು ಓಣಿ ಓಣಿಯಲ್ಲಿ ಹೊಗಳಿದ್ದ. ಗಾನಗಂಧರ್ವ, ಅಭಿನಯ ಮಾರ್ತಾಂಡ, ಕೇಳಿದವರಿಗೆ ಮೈಮೇಲಿನ ಶಾಲನ್ನೇ ತೆಗೆದು ಕೊಡುವ ಕಲಿಯುಗದ ಕರ್ಣ. ಇಷ್ಟು ಭಾರದ ಮಾತುಗಳನ್ನು ಒಬ್ಬನೇ ಹೊತ್ತು ಹೇಗೆ ತಿರುಗುತ್ತಾನೋ ಎಂದು ಅವಳು ಬೆರಗಾಗಿದ್ದಳು. ಒಂದೆರಡನ್ನು ಇಳಿಸಿಕೊಂಡರೆ ಅವನಿಗೂ ಹಗುರ. ಗಾನಗಂಧರ್ವ ಬೇಡ, ರಾಚಪ್ಪನ ಗೊರಕೆ ಓಣಿಗೆಲ್ಲ ಗೊತ್ತು.

“ಲೋಕಕ್ಕೆಲ್ಲ ಮಾರ್ತಾಂಡ, ಕಲಿಯುಗದ ಕರ್ಣ,” ಎಂದು ಗಟ್ಟಿಯಾಗಿ ಸುರುಮಾಡಿದಳು, “ರಾಚಪ್ಪನ ಹೆಸರ ನನ್ನ ಹಣಿಯ ಕುಂಕುಮದ ಬಣ್ಣ.”

ಅರಿಷಿಣ ಹಚ್ಚುತ್ತಿದ್ದ ಕೈಗಳು ಅಲ್ಲಲ್ಲೇ ನಿಂತವು.

ಅವಳ ಹಿಗ್ಗಿಗೆ ಇನ್ನೊಂದು ಕಾರಣವೂ ಇತ್ತು. ಅಂದು ರಾಚಪ್ಪ ಮಗ್ಗದಿಂದ ಇಳಿಸಲಿದ್ದ ದಾಳಿಂಬೆ ಬಣ್ಣದ ಸೀರೆ ಅವಳದು. ಊರವರಿಗೆಲ್ಲ ನೇಯ್ದವನು ಹೆಂಡತಿಗೆಂದು ನೇಯ್ದ ಮೊದಲ ಸೀರೆ. ಮರುದಿನ ಹುನಗುಂದದಲ್ಲಿ ಅಕ್ಕನ ಮಗಳ ಮದುವೆ. ತಿಂಗಳಿನಿಂದಲೂ ಅವಳು ಆ ಸೀರೆಯನ್ನು ಮನಸ್ಸಿನಲ್ಲೇ ನೂರು ಸಲ ಉಟ್ಟು, ನೂರು ಸಲ ಮಡಿಸಿಟ್ಟಿದ್ದಳು.

ಅವಳು ಉಡಿ ತುಂಬಿಸಿಕೊಂಡು ಮನೆ ಮುಟ್ಟುವ ಹೊತ್ತಿಗೆ ನೆರೆಮನೆಯ ಮಾಸುಮಬಿ ಮುಂದಾಗಿ ಬಂದು ಒಡಪಿನ ಸುದ್ದಿಯನ್ನು ರಾಚಪ್ಪನಿಗೂ ಓಣಿಗೂ ಹೇಳಿ ಮುಗಿಸಿದ್ದಳು. ಹುಟ್ಟಿದಾಗಿನಿಂದ ‘ಏ ರಾಚ್ಯಾ’ ಎಂದೇ ಕರೆಸಿಕೊಂಡ ರಾಚಪ್ಪ ಮಗ್ಗದ ಕುಣಿಯಿಂದ ಎದ್ದು, ರುಮಾಲು ಸುತ್ತಿ, ಕಟ್ಟೆಯ ಮೇಲೆ ಪಟ್ಟಕ್ಕೇರಿದ ದೊರೆಯಂತೆ ಕೂತಿದ್ದ. ಪಕ್ಕದಲ್ಲಿ ಆಗಷ್ಟೇ ಇಳಿಸಿದ ಸೀರೆ. ಜಾಫರಸಾಬ ಏಣಿಯನ್ನು ಎರವಲು ಕೇಳಿದರೆ, ತಿರುಗಿ ತರುವುದೇ ಬೇಡ ಎಂದಿದ್ದನಂತೆ. ಬೊಗಸೆ ಜೋಳಕ್ಕೆ ಬಂದ ನೀಲಪ್ಪ ಬುಟ್ಟಿಯನ್ನೇ ಹೊತ್ತು ಹೊರಟಿದ್ದ. ಮಜ್ಜಿಗೆಗೆ ಬಂದ ಮರೆವ್ವ ಕಡಗೋಲನ್ನೂ ಎತ್ತಿಕೊಂಡು, ಕರ್ಣಪ್ಪನ ಹೊಟ್ಟೆ ತಣ್ಣಗಿರಲಿ ಎಂದು ಹರಸುತ್ತಿದ್ದಳು.

ಗುರುಲಿಂಗವ್ವ ಗಂಡನನ್ನು ಒಳಗೆ ಕರೆದಳು. “ಏನ್ರಿ ಇದು? ಅದು ಬರೇ ಒಡಪರಿ.”

“ಹಂಗಾರ ಸುಳ್ಳ ಹೇಳಿದೇನು? ಬಸುರಿ ಮುಂದ?”

ಅವಳು ಉಡಿಯಲ್ಲಿದ್ದ ಅಕ್ಕಿಯನ್ನು ಮೊರಕ್ಕೆ ಸುರಿದಳು.

“ಇಷ್ಟ ವರ್ಷದಾಗ ನನಗ ಯಾರೂ ಇಂಥಾ ಮಾತ ಅಂದಿದ್ದಿಲ್ಲ ನೋಡು,” ಎಂದ ರಾಚಪ್ಪ, ರುಮಾಲಿನ ತುದಿ ತಿದ್ದುತ್ತ. ಅವನ ಮುಖದಲ್ಲಿ ಅವಳು ಹದಿನೈದು ವರ್ಷದಲ್ಲಿ ಕಾಣದ ಬೆಳಕಿತ್ತು. ಇವನಿಗೂ ಇಂಥದೊಂದು ಹಸಿವೆ ಇತ್ತೇ ಎನ್ನಿಸಿ ಅವಳ ಸಿಟ್ಟು ಅರ್ಧ ಕರಗಿತು.

ಉಳಿದರ್ಧ ಹೊರಗೆ ಬರುತ್ತಲೇ ತಿರುಗಿ ಗಟ್ಟಿಯಾಯಿತು. ಶಿವಲಿಂಗವ್ವ ಮಗಳ ಕೈ ಹಿಡಿದು ಬಂದು ಕಟ್ಟೆಯ ಮುಂದೆ ನಿಂತಿದ್ದಳು. ಅವಳ ಕಣ್ಣು ಸೀರೆಯ ಸೆರಗಿನ ಮೇಲೆ. ಹುಡುಗಿಗೇನೋ ಬಯಕೆಯಾಗಿದೆಯಂತೆ. ಬಸುರಿಯ ಬಯಕೆಯನ್ನು ಕಳ್ಳನೂ ಇಲ್ಲವೆನ್ನುವುದಿಲ್ಲ, ಇನ್ನು ಕರ್ಣ ಅಂದಾನೇ?

ಗುರುಲಿಂಗವ್ವನಿಗೆ ತಟ್ಟನೆ ಉಪಾಯ ಹೊಳೆಯಿತು. ಮೊದಲು ಕೇಳಿದವರಿಗೆ ಮೊದಲ ದಾನ. ನಾಚಿಕೆ ಬಿಟ್ಟು, ಎಲ್ಲರನ್ನೂ ದಾಟಿ ಗಂಡನ ಮುಂದೆ ನಿಂತು ಸೆರಗೊಡ್ಡಿದಳು.

“ಕಲಿಯುಗದ ಕರ್ಣರು ನೀವು. ಆ ಸೀರಿ ನನಗ ಕೊಡ್ರಿ.”

ರಾಚಪ್ಪ ಸೀರೆಯನ್ನು ಎರಡೂ ಕೈಯಿಂದ ಎತ್ತಿಕೊಂಡ. ಮುಗುಳ್ನಕ್ಕ.

“ಹುಚ್ಚಿ, ಮನಿಯಾಕಿಗೆ ಕೊಟ್ಟರ ಅದು ದಾನ ಹೆಂಗ ಆಗತೈತಿ?” ಎಂದವನೇ ಸೀರೆಯನ್ನು ಬಸುರಿಯ ಉಡಿಗೆ ಹಾಕಿದ. ಜನ ಭಲೆ ಭಲೆ ಎಂದರು.

ಸಂಜೆ ಗುರುಲಿಂಗವ್ವ ಗಂಟು ಕಟ್ಟುತ್ತ ಹಳೆಯ ಸೀರೆಯ ತೂತುಗಳು ನಿರಿಗೆಯೊಳಗೆ ಮುಚ್ಚುತ್ತವೋ ಇಲ್ಲವೋ ನೋಡುತ್ತಿದ್ದಳು. ರಾಚಪ್ಪ ರುಮಾಲು ಬಿಚ್ಚಿ ಗೂಟಕ್ಕೆ ಹಾಕಿದ. ಹತ್ತಿರ ಬಂದು ಸಣ್ಣ ದನಿಯಲ್ಲಿ ಹೇಳಿದ:

“ನಾಳಿ ಒಂದಿನದ ಮಟ್ಟಿಗೆ ಆ ಸೀರಿ ಶಿವಲಿಂಗವ್ವನ್ನ ಕೇಳಿ ನೋಡಲೇನು? ಇಲ್ಲ ಅನ್ನೂದಿಲ್ಲ ಆಕಿ. ಭಾಳ ದೊಡ್ಡ ಮನಸಿನಾಕಿ.”