ಒಂದೂವರೆ ರೂಪಾಯಿ ಕುರಿ

ಎಲ್ಲ ರಗಳೆಗೂ ಮೂಲ ಒಂದು ಓರೆಗೆರೆ. ಪೆನ್ಸಿಲಿನಲ್ಲಿ ಎಳೆದದ್ದು, ಜೀರಿಗೆ ಕಾಳಿಗಿಂತ ಒಂಚೂರು ಉದ್ದ. ಎಳೆದವನು ಸಿದ್ದಲಿಂಗೇಶ್.

ಚಳ್ಳಕೆರೆಯ ಪಾವಗಡ ರಸ್ತೆಯಲ್ಲಿ ಅವನದೊಂದು ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ. ಮದುವೆ ಕಾರ್ಡು, ವಿಸಿಟಿಂಗ್ ಕಾರ್ಡು, ಎಣ್ಣೆ ಡಬ್ಬದ ಲೇಬಲ್ಲು ಅಚ್ಚು ಹಾಕಿ ಹಾಕಿ ಕೈ ಜಡ್ಡುಗಟ್ಟಿತ್ತು. ದಾವಣಗೆರೆಯಲ್ಲಿ ಚಿತ್ರಕಲೆ ಓದಿದ ಮನಸ್ಸು ಮಾತ್ರ ಇನ್ನೂ ಮೆತ್ತಗಿತ್ತು. ಎರಡು ಸಾವಿರದ ಎರಡನೇ ಇಸವಿಯ ಬೇಸಿಗೆಯಲ್ಲಿ ಅವನು ಮೊಳಕಾಲ್ಮುರಿಗೆ ಹೋಗಿ, ಎಂಟು ದಿನ ಮಗ್ಗದ ಪಕ್ಕ ಕೂತು, ರೇಷ್ಮೆ ಸೀರೆಯ ಅಂಚನ್ನು ಬರೆದುಕೊಂಡು ಬಂದ. ಆ ಅಂಚಿನ ನಡುವೆ ಒಂದು ಕರಿ ಕುರಿಯನ್ನು ನಿಲ್ಲಿಸಿದ. ನಾಲ್ಕು ಬಣ್ಣ, ದಪ್ಪ ಕಾಗದ, ಐವತ್ತೇ ಪ್ರತಿ. ಐವತ್ತನೆಯದು ಒಣಗುವ ಮೊದಲೇ, ಇನ್ನೊಂದು ಹುಟ್ಟಬಾರದೆಂದು ಬ್ಲೇಡಿನಿಂದ ಅಚ್ಚಿನ ಸ್ಕ್ರೀನುಗಳನ್ನೇ ಕೊಯ್ದು ಹಾಕಿದ. ಒಂದು ಪೋಸ್ಟರಿಗೆ ಐನೂರು ರೂಪಾಯಿ ಎಂದು ತನಗೆ ತಾನೇ ಹೇಳಿಕೊಂಡ.

ಅಂಗಡಿಯ ಕಟ್ಟಡ ಅವನ ಮಾವ ಶಾಂತವೀರಪ್ಪನವರದು. ಮಾವನವರಿಗೆ ಶೇಂಗಾ ಎಣ್ಣೆ ಮಿಲ್ಲು ಇತ್ತು, ಹಿಂಡಿ ಚೀಲ ಇಡಲು ಜಾಗ ಇರಲಿಲ್ಲ. ಬೆಳಿಗ್ಗೆ ಪೂಜೆ ಮುಗಿಸಿ, ಹಣೆತುಂಬ ವಿಭೂತಿ ಧರಿಸಿಯೇ ಬಂದರು. ಹಗ್ಗಕ್ಕೆ ಕ್ಲಿಪ್ಪು ಹಾಕಿ ತೂಗುಬಿಟ್ಟಿದ್ದ ಕುರಿಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದರು.

“ಕ್ಯಾಲೆಂಡರ್ ಚೆನ್ನಾಗೈತೆ ಅಳಿಯಂದ್ರೇ. ಅಮಾಸೆ ಎಲ್ಲೈತೆ?”

“ಕ್ಯಾಲೆಂಡರ್ ಅಲ್ಲ ಮಾವ. ಪೋಸ್ಟರು. ಲಿಮಿಟೆಡ್ ಎಡಿಷನ್.”

“ಹಿರಿಯೂರು ಬಸ್ಸಿಗೂ ಲಿಮಿಟೆಡ್ ಅಂತ ಬರ್ದಿರ್ತಾರೆ. ಕೈ ಅಡ್ಡ ಹಿಡಿದ ಕಡೆಯೆಲ್ಲ ನಿಲ್ತೈತೆ. ಎಷ್ಟು ಒಂದಕ್ಕೆ?”

“ಐನೂರು.”

ಪಕ್ಕದಲ್ಲಿ ಹೂ ಕಟ್ಟುತ್ತಿದ್ದ ಸೂರಮ್ಮನ ಕೈಯಲ್ಲಿ ದಾರ ತುಂಡಾಯಿತು. ಎದುರು ಹೋಟೆಲಿನ ತೋಟಪ್ಪ ಬಜ್ಜಿ ಜಾಲರಿ ಹಿಡಿದೇ ರಸ್ತೆ ದಾಟಿ ಬಂದ. ಶಾಂತವೀರಪ್ಪನವರು ಎಲ್ಲರಿಗೂ ಕೇಳುವಂತೆ, ಗಮಕಿ ಪದ್ಯದ ಕೊನೆ ಸಾಲನ್ನು ಎಳೆಯುವ ಹಾಗೆ ಎಳೆದು ಹೇಳಿದರು:

“ಸಂಜೆ ಆರು ಗಂಟೆ ಒಳಗೆ ಈ ಕುರಿ ಕಾಗದಾನ ಯಾರು ಐನೂರಕ್ಕೆ ಮಾರ್ತಾರೋ, ನೀವೇ ಆಗ್ಲಿ, ಇನ್ಯಾರೇ ಆಗ್ಲಿ, ಈ ಅಂಗಡಿ ಅವರಿಗೆ. ಬಾಡಿಗೆ ಬ್ಯಾಡ. ಇಲ್ಲಾಂದ್ರೆ ನಾಳೆಯಿಂದ ಇಲ್ಲಿ ಹಿಂಡಿ ಚೀಲ. ವಿಭೂತಿ ಇಟ್ಕಂಡು ಆಡಿದ ಮಾತು.”

ವಿಭೂತಿ ಇಟ್ಟುಕೊಂಡು ಆಡಿದ ಮಾತನ್ನು ಅವರು ಮೂವತ್ತು ವರ್ಷದಲ್ಲಿ ತಪ್ಪಿದ್ದಿಲ್ಲ. ಅದಕ್ಕೆಂದೇ ಹೆಚ್ಚು ಮಾತಾಡುವ ದಿನ ತಡವಾಗಿ ಪೂಜೆ ಮಾಡುತ್ತಿದ್ದರು.

ಮಾವ ಹೋದ ಮೇಲೆ ಸಿದ್ದಲಿಂಗೇಶ್ ಪೆನ್ಸಿಲು ಚೂಪು ಮಾಡಿದ. ದೊಡ್ಡ ಊರಿನ ಕಲಾವಿದರ ರೂಢಿಯಂತೆ ಪ್ರತಿ ಹಾಳೆಯ ಮೂಲೆಯಲ್ಲಿ ಅದರ ಸಂಖ್ಯೆ ಬರೆದ. ಐವತ್ತರಲ್ಲಿ ಮೊದಲನೆಯದಕ್ಕೆ 1/50, ಎರಡನೆಯದಕ್ಕೆ 2/50, ಹೀಗೆ 50/50ರ ತನಕ.

ಹತ್ತೂವರೆಗೆ ಅದೃಷ್ಟ ಬಿಳಿ ಕಾರಿನಲ್ಲಿ ಬಂದು ಇಳಿಯಿತು. ಹೆಸರು ಸ್ವಪ್ನ, ಬೆಂಗಳೂರಿನವರು, ಬ್ರಹ್ಮಗಿರಿಯ ಶಾಸನ ನೋಡಲು ಹೊರಟವರು. ಕುರಿಯ ಮುಂದೆ ಐದು ನಿಮಿಷ ನಿಂತು, ಬೆಲೆ ಕೇಳಿದರು.

“ಮೊದಲನೇ ಪ್ರತಿ ನನಗೆ ಇರಲಿ. ಐನೂರು ಅಂದ್ರಲ್ವಾ? ಕೊಡ್ತೀನಿ. ಬೇರೆ ನಂಬರ್ ಆದರೆ ಬೇಡ. ಈಗ ಕಾರಿನ ಬಿಸಿಲಲ್ಲಿ ಸೊಟ್ಟಗಾಗುತ್ತೆ, ಒಂದು ರಟ್ಟಿನ ಕೊಳವೇಲಿ ಸುತ್ತಿ ಇಟ್ಟಿರಿ. ಐದು ಗಂಟೆಗೆ ವಾಪಸ್ ಬರ್ತೀನಿ.”

ಸಿದ್ದಲಿಂಗೇಶನ ಕಾಲು ನೆಲ ಮುಟ್ಟಲಿಲ್ಲ. “ಅಂಗಡಿ ನೋಡ್ಕ ಸೂರಮ್ಮತ್ತೆ” ಎಂದವನೇ ರಟ್ಟಿನ ಕೊಳವೆಗಾಗಿ ಬಟ್ಟೆ ಅಂಗಡಿಗೆ ಓಡಿದ. ಅದಕ್ಕೆ ಸುತ್ತಿದ್ದ ಥಾನಿನ ಬಟ್ಟೆ ಮುಗಿಯದೆ ಕೊಳವೆ ಸಿಗುವಂತಿರಲಿಲ್ಲ. ಉಳಿದಿದ್ದ ಎರಡೂವರೆ ಮೀಟರ್ ಪರದೆ ಬಟ್ಟೆಯನ್ನು ತಾನೇ ಕೊಂಡು, ಕೊಳವೆಯನ್ನು ಮಗುವಿನಂತೆ ತೋಳಿನ ಮೇಲೆ ಮಲಗಿಸಿಕೊಂಡು ಬರುವಷ್ಟರಲ್ಲಿ ಒಂದು ಗಂಟೆ ಕಳೆದಿತ್ತು.

ಹಗ್ಗದ ಎಡತುದಿ ಬೋಳಾಗಿತ್ತು.

“ಯಾಪಾರ ಜೋರಪ್ಪ ಸಿದ್ದಣ್ಣ,” ಸೂರಮ್ಮ ಸೆರಗಿನ ಗಂಟು ಬಿಚ್ಚಿದಳು. “ಏಳು ಹೋದ್ವು. ಬೆಲೆ ಬರ್ದು ಹೋಗಿದ್ದು ಒಳ್ಳೇದಾತು, ಯಾರೂ ಚೌಕಾಸಿ ಮಾಡ್ಲಿಲ್ಲ.”

“ಯಾವ ಬೆಲೆ?”

“ಮೂಲ್ಯಾಗೆ ಬರ್ದೀಯಲ್ಲ. ಐನೂರು ಅಂದಿದ್ದು ಮಾವನ ಮುಂದೆ ಜಂಬಕ್ಕೆ ಅನ್ಕಂಡೆ. ಒಂದು ಐವತ್ತು, ಎರಡು ಐವತ್ತು, ಮೂರು ಐವತ್ತು. ಆದ್ರೂ ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕಬ್ಯಾಡ. ಅದೇ ಕುರಿ, ಅದೇ ಅಂಚು. ಆ ಕಡೇ ತುದಿದಕ್ಕೆ ಐವತ್ತು ರೂಪಾಯಿ ಐವತ್ತು ಪೈಸೆ ಅಂದ್ರೆ ಯಾರು ತಗಂತಾರೆ?”

ತೋಟಪ್ಪ ಎದುರಿನಿಂದಲೇ ಸಾಕ್ಷಿ ಹೇಳಿದ. “ನಾನೊಂದು ನಾಕು ಐವತ್ತರದು ತಗಂಡೆ. ಕಾಗದ ಗಟ್ಟಿ ಐತೆ, ಬಜ್ಜಿ ಕಟ್ಟಿದ್ರೆ ಎಣ್ಣೆ ಸೋರಲ್ಲ.”

“ಅದು ಬೆಲೆ ಅಲ್ಲ ಸೂರಮ್ಮತ್ತೆ, ನಂಬರು.”

“ನಂಬರಾದ್ರೆ ನಂಬರ್ ತರ ಬರಿ. ರೂಪಾಯಿಗೂ ಪೈಸೆಗೂ ನಡುವೆ ಎಳಿಯೋ ಗೆರೆ ಯಾಕೆ ಎಳ್ದೆ?”

ಸಿದ್ದಲಿಂಗೇಶ್ ಹಗ್ಗದ ಮೇಲಿನ ಖಾಲಿ ಕ್ಲಿಪ್ಪುಗಳನ್ನು ಎಣಿಸಿದ. “ಮೊದಲನೇದು ಯಾರು ಒಯ್ದ್ರು?” ಎಂದ.

“ನನ್ನಿವಾಳದ ಕ್ಯಾತಣ್ಣ. ಕುರಿ ಮೇಯಿಸ್ತಾನಲ್ಲ, ಅವನು. ಎಲ್ಲಾದ್ಕಿಂತ ಕಮ್ಮಿದು ಕೊಡು ಅಂದ. ಇಗಾ ದುಡ್ಡು.” ಒಂದು ರೂಪಾಯಿ ನಾಣ್ಯ, ಐವತ್ತು ಪೈಸೆ ನಾಣ್ಯ, ಎರಡೂ ಅವನ ಅಂಗೈಗೆ ಬಿದ್ದವು. ಮಲ್ಲಿಗೆಯ ವಾಸನೆ ಬರುತ್ತಿತ್ತು.

“ನಾನು ಬರೋತನಕ ಒಂದೂ ಮಾರಬ್ಯಾಡ” ಎಂದು ಕೂಗಿ, ಬಣ್ಣ ತರಲೆಂದು ಇಟ್ಟಿದ್ದ ನೂರರ ಐದು ನೋಟುಗಳನ್ನು ಜೇಬಿಗೆ ತುರುಕಿ, ಮೊಪೆಡ್ಡು ಏರಿದ.

ನನ್ನಿವಾಳದಲ್ಲಿ ಕ್ಯಾತಣ್ಣ ಮನೆಯಲ್ಲಿರಲಿಲ್ಲ. ಕುರಿ ಮಂದೆ ಹುಡುಕಿ ಬಿಸಿಲಲ್ಲಿ ಮೂರು ಹೊಲ ಸುತ್ತಿ, ಜಾಲಿ ಮುಳ್ಳಿಗೆ ಒಂದು ಚಪ್ಪಲಿ ಒಪ್ಪಿಸಿ, ಅವನನ್ನು ಮನೆಗೆ ಕರೆತರುವಾಗ ಮೂರೂವರೆ. ಪೋಸ್ಟರು ಒಳಗೆ ಟ್ರಂಕಿನ ಮೇಲೆ ಗೋಡೆಗೆ ಒರಗಿ ನಿಂತಿತ್ತು. ಕ್ಯಾತಣ್ಣನ ಹೆಂಡತಿ ಬೋರಕ್ಕ ಆಗಲೇ ಕುರಿಯ ಹಣೆಗೆ ಕುಂಕುಮ ಇಟ್ಟಿದ್ದಳು.

“ವಾಪಸ್ ಕೊಡು ಕ್ಯಾತಣ್ಣ. ತಪ್ಪಾಗಿ ಮಾರಿಬಿಟ್ಟವ್ರೆ. ಹತ್ತು ರೂಪಾಯಿ ಕೊಡ್ತೀನಿ.”

ಕ್ಯಾತಣ್ಣ ಬೀಡಿ ಹಚ್ಚಿ, ಅವನ ಒಂಟಿ ಚಪ್ಪಲಿಯನ್ನೂ ಬೆವರನ್ನೂ ನಿಧಾನವಾಗಿ ನೋಡಿದ. ಮೂವತ್ತು ವರ್ಷ ಸಂತೆಯಲ್ಲಿ ಕುರಿ ಕೊಳ್ಳುವವರ ಮುಖ ಓದಿದ್ದ ಕಣ್ಣು.

“ಹತ್ತು ರೂಪಾಯಿ ಕಾಗದಕ್ಕೆ ಇಷ್ಟು ದೂರ ಬಂದ್ಯಾ? ನೀನು ಇದನ್ನ ಎಷ್ಟಕ್ಕೆ ಮಾರ್ತೀಯ?”

ಸುಳ್ಳು ಹೇಳಬೇಕೆಂದು ಸಿದ್ದಲಿಂಗೇಶನಿಗೆ ಹೊಳೆದದ್ದು ಸತ್ಯ ಹೇಳಿ ಮುಗಿಸಿದ ಮೇಲೆ. “ಐನೂರು.”

“ಹಂಗಾರೆ ನಂಗೂ ಅಷ್ಟೇ ಕೊಡು. ಒಂದು ಪೈಸೆ ಜಾಸ್ತಿ ಬ್ಯಾಡ.”

“ಕ್ಯಾತಣ್ಣ, ಇದು ಕಾಗದ. ಉಣ್ಣೆ ಕೊಡ್ತೈತಾ?”

“ಮೇವೂ ಕೇಳಲ್ಲ. ಮೊನ್ನೆ ಸಂತ್ಯಾಗೆ ಜೀವ ಇರೋ ಕುರಿಗೆ ಎಂಟುನೂರು ಅಂದ್ರೆ ಬಾಯಿ ಬಿಡಿಸಿ ಹಲ್ಲು ಎಣಿಸಿದ್ರು. ಇದಕ್ಕೆ ಹಲ್ಲೂ ಎಣಿಸದೆ ಐನೂರು ಕೊಡೋರು ಅವ್ರೆ ಅಂದ್ರೆ, ಇದೇ ಒಳ್ಳೇ ಜಾತಿ.”

“ಕುಂಕುಮಕ್ಕೆ ಬ್ಯಾರೆ ಏನೂ ಕೊಡಬ್ಯಾಡಪ್ಪ,” ಎಂದಳು ಬೋರಕ್ಕ ಉದಾರವಾಗಿ.

ಸಿದ್ದಲಿಂಗೇಶ್ ಲೆಕ್ಕ ಹಾಕಿದ. ಐನೂರು ಕೊಟ್ಟು, ಐನೂರು ಪಡೆದರೆ ಲಾಭವಿಲ್ಲ. ಆದರೆ ಅಂಗಡಿ ಉಳಿಯುತ್ತದೆ. ಐದೂ ನೋಟು ಎಣಿಸಿಕೊಟ್ಟು, ಪೋಸ್ಟರನ್ನು ಸುರುಳಿ ಸುತ್ತಿಕೊಂಡ. ಕ್ಯಾತಣ್ಣ ಅವನ್ನು ತಲೆಗೆ ಸುತ್ತಿದ್ದ ಟವಲಿನಲ್ಲಿ ಕಟ್ಟಿ, ಹೇಳದೆ ಕೇಳದೆ ಮೊಪೆಡ್ಡಿನ ಹಿಂದೆ ಕೂತ. “ನಡಿ, ನಾನೂ ಬರ್ತೀನಿ. ಐನೂರು ಕೊಡೋ ಆ ಪುಣ್ಯಾತ್ಮರ ಮುಖ ಒಂದ್ಸಲ ನೋಡ್ಬೇಕು.”

ಇಬ್ಬರ ಭಾರಕ್ಕೆ ಮೊಪೆಡ್ಡು ಉಬ್ಬು ಬಂದಲ್ಲೆಲ್ಲ ನಿಂತು ನಿಟ್ಟುಸಿರು ಬಿಟ್ಟಿತು. ಅಂಗಡಿ ಮುಟ್ಟುವಾಗ ಐದೂಮುಕ್ಕಾಲು. ಬಿಳಿ ಕಾರು ಇರಲಿಲ್ಲ.

“ನೀನು ಹೇಳ್ದಂಗೇ ಒಂದೂ ಮಾರಿಲ್ಲ,” ಎಂದಳು ಸೂರಮ್ಮ.

“ಆ ಮೇಡಂ ಬರಲಿಲ್ವಾ?”

“ಬಂದಿದ್ರು. ಪಾಪ, ಐನೂರು ಕೈಯಾಗೆ ಹಿಡ್ಕಂಡು ಅರ್ಧ ಗಂಟೆ ಕೂತಿದ್ರು. ನಂಗೆ ಕರುಳು ಚುರ್ ಅಂತು. ಮೋಸ ಹೋಗ್ಬ್ಯಾಡ ತಾಯಿ, ಬೆಳಿಗ್ಗೆ ಅದನ್ನೇ ಒಂದೂವರೆ ರೂಪಾಯಿಗೆ ನಾನೇ ಕೊಟ್ಟೀನಿ ಅಂದೆ. ನಕ್ಕು, ನೋಟು ಒಳಗಿಟ್ಕಂಡು, ಎರಡು ಮೊಳ ಮಲ್ಲಿಗೆ ತಗಂಡು ಹೋದ್ರು.” ಸೂರಮ್ಮ ಮೆಚ್ಚುಗೆಯಿಂದ ತಲೆದೂಗಿದಳು. “ಹೂವಿಗೆ ಚೌಕಾಸಿ ಮಾಡ್ಲಿಲ್ಲ ನೋಡು. ದೊಡ್ಡ ಮನುಷ್ರು.”

ಸಿದ್ದಲಿಂಗೇಶ್ ಕೊಳವೆಯ ಮೇಲೆ ಕೂತ. ಅದು ಚಪ್ಪಟೆಯಾಯಿತು.

ಸರಿಯಾಗಿ ಆರಕ್ಕೆ ಶಾಂತವೀರಪ್ಪನವರು ಹಿಂಡಿ ಚೀಲದ ಗಾಡಿಯ ಸಮೇತ ಬಂದರು. ಹಣೆಯ ವಿಭೂತಿ ಇನ್ನೂ ಮಾಸಿರಲಿಲ್ಲ. “ಏನಾತು ಅಳಿಯಂದ್ರೇ? ಐನೂರಕ್ಕೆ ಹೋತಾ ಕುರಿ?”

ಅಳಿಯ ಎದ್ದು, ಚಪ್ಪಟೆ ಕೊಳವೆಯನ್ನು ದುಂಡಗೆ ಮಾಡಲು ನೋಡಿದ. ಕ್ಯಾತಣ್ಣನ ಬಾಯಿಂದ ಆಗಲೇ ಎಲ್ಲ ಕೇಳಿದ್ದ ತೋಟಪ್ಪನಿಗೆ ತಡೆಯಲಾಗಲಿಲ್ಲ. “ಹೋತು ಸಾವ್ಕಾರ್ರೇ, ಒಂದು ಹೋತು. ಕ್ಯಾತಣ್ಣನ ಟವಲ್ ಬಿಚ್ಚಿಸಿ ನೋಡ್ರಿ.”

ಕ್ಯಾತಣ್ಣ ಬಿಚ್ಚಿ ತೋರಿಸಿದ. ನಡೆದದ್ದನ್ನೆಲ್ಲ ಹೇಳಿದ. ಶಾಂತವೀರಪ್ಪನವರು ಕಣ್ಣು ಮುಚ್ಚಿ ಕೇಳಿದರು, ಪುರಾಣ ಕೇಳುವವರಂತೆ. ಮುಗಿದ ಮೇಲೆ ಎರಡು ಸಲ ಎಣಿಸಿದರು. ನೋಟುಗಳು ಐದೇ ಇದ್ದವು.

“ಒಂದೂವರೆಗೆ ತಗಂಡು, ಹೊತ್ತು ಮುಳುಗೋದ್ರೊಳಗೆ ಐನೂರಕ್ಕೆ ಮಾರಿದ್ಯಾ? ನಮ್ಮ ಮಿಲ್ಲಿನಾಗೆ ಮೂವತ್ತು ವರ್ಷದಾಗೆ ಇಂಥಾ ಯಾಪಾರ ಆಗಿಲ್ಲಪ್ಪ.” ಹಣೆಯನ್ನೊಮ್ಮೆ ಮುಟ್ಟಿಕೊಂಡು ನಿಟ್ಟುಸಿರು ಬಿಟ್ಟರು. “ಯಾರು ಮಾರ್ತಾರೋ ಅವರಿಗೆ ಅಂದೆ. ಮಾರಿದೋನು ಇವನು. ಕೊಂಡೋರು ನಮ್ಮ ಅಳಿಯಂದ್ರು. ಅಂಗಡಿ ಕ್ಯಾತಣ್ಣಂದು. ಲೇ, ಗಾಡಿ ತಿರುಗಿಸ್ರಿ.”

ಕ್ಯಾತಣ್ಣ ಕುರ್ಚಿಯ ಧೂಳು ಕೊಡವಿ ಕೂತ. ಒಮ್ಮೆ ಗೋಡೆ ನೋಡಿದ, ಒಮ್ಮೆ ಸಿದ್ದಲಿಂಗೇಶನನ್ನು ನೋಡಿದ.

“ಸಿದ್ದಣ್ಣ, ಮನ್ಯಾಗೆ ನಮ್ಮ ಬೋರಿ ನೇಯ್ದ ಕಂಬಳಿ ಅವೆ. ಇಲ್ಲೇ ಇಟ್ಟು ಮಾರ್ತೀನಿ. ಒಂದು ಬೋರ್ಡು ಬರ್ಕೊಡು. ಲಿಮಿಟೆಡ್ ಅಂತ ದೊಡ್ಡದಾಗಿ ಇರ್ಲಿ.”

ಬೇರೆ ಕೆಲಸವೂ ಇರಲಿಲ್ಲ, ಬೇರೆ ಜಾಗವೂ ಇರಲಿಲ್ಲ. ಸಿದ್ದಲಿಂಗೇಶ್ ಬ್ರಷ್ಷು ತೊಳೆದು ಅಕ್ಷರ ಅಕ್ಷರವಾಗಿ ಬರೆದ. ಕೆಂಪು ಅಂಚನ್ನೂ ಎಳೆದ. ಒಣಗಲೆಂದು ಒರಗಿಸಿಟ್ಟು ಕೇಳಿದ: “ಕೂಲಿ ಎಷ್ಟು ಕೊಡ್ತೀಯ ಕ್ಯಾತಣ್ಣ?”

ಕ್ಯಾತಣ್ಣ ಮೇಜಿನ ಮೇಲೆ ಬಿಡಿಸಿಟ್ಟಿದ್ದ, ಕುಂಕುಮದ ಕುರಿಯ ಪೋಸ್ಟರಿನ ಮೂಲೆಗೆ ಬೆರಳಿಟ್ಟ.

“ಬರ್ದಿದ್ದೀಯಲ್ಲ,” ಎಂದು ಜೇಬಿನಿಂದ ಒಂದು ರೂಪಾಯಿ ನಾಣ್ಯ ತೆಗೆದಿಟ್ಟು, ಐವತ್ತು ಪೈಸೆಗಾಗಿ ಸೂರಮ್ಮನ ಕಡೆ ಕೈ ಚಾಚಿದ.